ಮನೆಯ ಲ್ಯಾಪ್‌ಟಾಪಿನ ನಿಸ್ತಂತು ಕಾರ್ಡು: ಒಂದು ಚಾರಿತ್ರಿಕ ವಿಚಾರ

೧. ವಿಷಯೋಪಕ್ರಮ

ಓಲೆಗರಿಗಳ ಛಾಯಾಚಿತ್ರಗಳನ್ನು ತರಿಸಿಕೊಂಡು ಓದುವುದಕ್ಕೂ, ಪಾಠಾಂತರಗಳನ್ನು ಕುರಿತು ದೂರದ ಮಿತ್ರರೊಡನೆ ವಿಚಾರಮಾಡುವುದಕ್ಕೂ ಲ್ಯಾಪ್‌ಟಾಪು ಈಗ ನಮ್ಮಂಥವರಿಗೆ, ಹಿಂದಿನವರಿಗೆ ಕಂಟವು ಹೇಗೋ ಹಾಗೆ, ಅವಶ್ಯಕವಾದ ಉಪಕರಣವಾಗಿದೆ. ೨೦೨೨ನೆಯ ಇಸವಿಯ ಮಳೆಗಾಲದಲ್ಲಿ ನನ್ನ ಹಳೆಯ ಲ್ಯಾಪ್‌ಟಾಪಿಗೆ ಅದರ ಮೂಲ ತಂತ್ರಾಂಶದ ಪೋಷಣೆಯು ನಿಂತುಹೋಗಿದ್ದುದರಿಂದ, ನನ್ನಲ್ಲಿ ವ್ಯಾಕರಣವನ್ನೋದಿ ಈಗ ಯಂತ್ರವಿದ್ಯೆಯಲ್ಲಿ ಪರಿಶ್ರಮಮಾಡಿರುವ ಶಿಷ್ಯನೊಬ್ಬನು ಬಂದು ಅದರಲ್ಲಿ ಲೀನಕ್ಸ್ ಎಂಬ ಮುಕ್ತ ತಂತ್ರಾಂಶವನ್ನು ಸ್ಥಾಪಿಸಿದನು. ಪರದೆ ಬೆಳಗಿತು, ಕನ್ನಡ ಲಿಪಿಯು ಮೂಡಿತು. ಆದರೆ ನಿಸ್ತಂತು ಕಾರ್ಡು ಮಾತ್ರ ಜಡವಾಗಿಯೇ ಉಳಿಯಿತು. ಕಾರ್ಡಿಗೆ ಯಾವ ಕೇಡೂ ಇರಲಿಲ್ಲ. ಅದು ಎಚ್ಚರಗೊಳ್ಳುವುದಕ್ಕೆ ಬೇಕಾದ ಒಂದು ಸಣ್ಣ ಕಡತವನ್ನು ಹಂಚುವ ಅಧಿಕಾರವು ತಂತ್ರಾಂಶವನ್ನು ಕೊಟ್ಟವರಿಗೆ ಪೂರ್ಣವಾಗಿ ಇರಲಿಲ್ಲವಾದ್ದರಿಂದ ಅವರು ಅದನ್ನು ಪ್ರತ್ಯೇಕವಾಗಿ ಇರಿಸಿದ್ದರು. ಆ ಕಡತವನ್ನು ಜಾಲದಿಂದ ತರಬೇಕು. ಜಾಲವನ್ನು ಸೇರಬೇಕಾದರೆ ಆ ಕಡತವು ಮೊದಲೇ ಇರಬೇಕು! ತಾರ್ಕಿಕರು ಅನ್ಯೋನ್ಯಾಶ್ರಯವೆಂದು ಯಾವ ದೋಷವನ್ನು ಹೇಳುತ್ತಾರೆಯೋ ಅದಕ್ಕೆ ಇದಕ್ಕಿಂತ ಸ್ಫುಟವಾದ ಉದಾಹರಣೆಯನ್ನು ನಾನು ಪಾಠಶಾಲೆಯಲ್ಲಿಯೂ ಕಂಡಿರಲಿಲ್ಲ.

ಶಿಷ್ಯನು ತನ್ನ ದೂರವಾಣಿಯನ್ನು ತಂತಿಯಿಂದ ಯಂತ್ರಕ್ಕೆ ಸೇರಿಸಿ, ಆ ಮಾರ್ಗದಿಂದ ಕಡತವನ್ನು ತರಿಸಿ, ಎರಡನೆಯ ದಿನದ ಸಾಯಂಕಾಲ ಕಾರ್ಡಿಗೆ ಚೈತನ್ಯವನ್ನುಂಟುಮಾಡಿದನು. ಅಂದಿನಿಂದ ಮೂರು ಪ್ರಶ್ನೆಗಳು ನನ್ನ ಮನಸ್ಸಿನಲ್ಲಿ ನಿಂತುಬಿಟ್ಟವು. ಯಾರ ಅಪ್ಪಣೆಯೂ ಇಲ್ಲದೆ ಗೃಹಸ್ಥನೊಬ್ಬನು ಆಕಾಶದ ತರಂಗಗಳನ್ನು ಬಳಸುವ ಅಧಿಕಾರವು ಎಲ್ಲಿಂದ ಬಂದಿತು? ಒಬ್ಬರು ಮಾಡಿದ ಕಾರ್ಡು ಮತ್ತೊಬ್ಬರು ಮಾಡಿದ ರೌಟರಿನೊಡನೆ ಮಾತನಾಡುವುದು ಹೇಗೆ ಸಾಧ್ಯವಾಯಿತು? ಹಣಕೊಟ್ಟು ಕೊಂಡ ಕಾರ್ಡು ಒಡೆಯನ ಮಾತನ್ನು ಕೇಳದಿರುವುದಕ್ಕೆ ಕಾರಣವೇನು? ಈ ಮೂರಕ್ಕೂ ಉತ್ತರವು ಚರಿತ್ರೆಯಲ್ಲಿಯೇ ಇರುವುದರಿಂದ ಅದನ್ನು ಕ್ರಮವಾಗಿ ನಿರೂಪಿಸುವುದು ಪ್ರಕೃತ ಲೇಖನದ ಉದ್ದೇಶ.

೨. ತರಂಗಗಳ ಪೂರ್ವಕಥೆ

ಶಬ್ದವು ಆಕಾಶದ ಗುಣವೆಂಬುದು ವೈಶೇಷಿಕರ ಮತ. ನಿಸ್ತಂತು ಯಂತ್ರಗಳನ್ನು ನೋಡಿದೊಡನೆ ಈ ಮತವನ್ನು ನೆನೆದು, ನಮ್ಮ ಪೂರ್ವಿಕರು ಇದೆಲ್ಲವನ್ನೂ ಬಲ್ಲವರಾಗಿದ್ದರೆಂದು ಹೇಳುವವರುಂಟು. ಅದು ಯುಕ್ತವಲ್ಲ. ವೈಶೇಷಿಕರು ಹೇಳುವ ಶಬ್ದವು ಕಿವಿಗೆ ಕೇಳತಕ್ಕದ್ದು. ಈ ತರಂಗಗಳಾದರೋ ಬೆಳಕಿನ ಜಾತಿಗೆ ಸೇರಿದವು, ಯಾವ ಇಂದ್ರಿಯಕ್ಕೂ ಗೋಚರವಾಗತಕ್ಕವಲ್ಲ. ಇವುಗಳ ಅಸ್ತಿತ್ವವನ್ನು ಮ್ಯಾಕ್ಸ್‌ವೆಲ್ ಎಂಬ ವಿದ್ವಾಂಸರು ೧೮೬೫ರಲ್ಲಿ ಪ್ರಕಟವಾದ ತಮ್ಮ ಪ್ರಬಂಧದಲ್ಲಿ ಗಣಿತದಿಂದ ಊಹಿಸಿದರು. ಜರ್ಮನಿಯ ಹರ್ಟ್ಸ್ ಅವರು ಸುಮಾರು ೧೮೮೭–೮೮ರಲ್ಲಿ ಅವನ್ನು ಪ್ರಯೋಗದಿಂದ ತೋರಿಸಿಕೊಟ್ಟರು. ಅನುಮಾನವು ಪ್ರತ್ಯಕ್ಷದಿಂದ ಸ್ಥಿರಪಟ್ಟ ಸಂದರ್ಭವಿದು.

ನಮ್ಮ ದೇಶದವರಿಗೆ ಈ ಚರಿತ್ರೆಯಲ್ಲಿ ನಿಜವಾದ ಸ್ಥಾನವೊಂದಿದೆ. ಜಗದೀಶಚಂದ್ರ ವಸು ಅವರು ೧೮೯೫ರಲ್ಲಿ ಕಲ್ಕತ್ತೆಯಲ್ಲಿ ಇಂತಹ ತರಂಗಗಳನ್ನು ಗೋಡೆಗಳ ಮೂಲಕ ಹಾಯಿಸಿ, ದೂರದ ಗಂಟೆಯನ್ನು ಬಾರಿಸಿ, ಮದ್ದನ್ನು ಸಿಡಿಸಿ ತೋರಿಸಿದರು. ೧೮೯೭ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಆ ವಿಷಯವಾಗಿಯೇ ಉಪನ್ಯಾಸಮಾಡಿದರು. ಇತರರು ದೀರ್ಘತರಂಗಗಳನ್ನು ಹಿಡಿದು ದೂರವನ್ನು ಗೆಲ್ಲಲು ಹೊರಟಿದ್ದಾಗ ವಸು ಅವರು ಕೆಲವೇ ಮಿಲಿಮೀಟರು ಉದ್ದದ ತರಂಗಗಳನ್ನು ಹುಟ್ಟಿಸಿದರು. ಸೆಕೆಂಡಿಗೆ ಆರುಸಾವಿರ ಕೋಟಿ ಸಲ ಸ್ಪಂದಿಸುವ ಇಂತಹ ತರಂಗಗಳನ್ನೇ, ಎಂದರೆ ೬೦ ಗಿಗಾಹರ್ಟ್ಸ್ ಪಟ್ಟಿಯನ್ನೇ, ೨೦೧೨ರಲ್ಲಿ ಸಿದ್ಧವಾದ ೮೦೨.೧೧ ಎಡಿ ಎಂಬ ನಿಸ್ತಂತು ನಿಯಮವು ಕೊಠಡಿಯೊಳಗಿನ ಸಂಪರ್ಕಕ್ಕಾಗಿ ಆರಿಸಿಕೊಂಡಿತು.

೩. ಹವಾಯಿ ದ್ವೀಪದ ಪ್ರಯೋಗ

ತರಂಗವು ದೊರೆತಮಾತ್ರಕ್ಕೆ ಜಾಲವು ಆಗಲಿಲ್ಲ. ಒಂದೇ ಆಕಾಶದಲ್ಲಿ ಅನೇಕರು ಮಾತನಾಡಬೇಕಾದಾಗ ಸರದಿಯನ್ನು ನಿರ್ಣಯಿಸುವವರಾರು ಎಂಬುದೇ ಮುಖ್ಯವಾದ ಸಮಸ್ಯೆ. ವಾಕ್ಯಾರ್ಥಸಭೆಯಲ್ಲಿ ಇಬ್ಬರು ವಿದ್ವಾಂಸರು ಏಕಕಾಲದಲ್ಲಿ ಬಾಯ್ತೆರೆದರೆ ಇಬ್ಬರ ಮಾತೂ ಕೆಡುವಂತೆ, ಒಂದೇ ಪಟ್ಟಿಯಲ್ಲಿ ಎರಡು ಯಂತ್ರಗಳು ಒಟ್ಟಿಗೆ ಕಳುಹಿಸಿದರೆ ಎರಡೂ ಸಂದೇಶಗಳು ನಷ್ಟವಾಗುವುವು. ಸಭೆಗಾದರೆ ಅಧ್ಯಕ್ಷರಿರುತ್ತಾರೆ, ಆಕಾಶಕ್ಕೆ ಅಧ್ಯಕ್ಷರಾರು?

ಈ ಪ್ರಶ್ನೆಗೆ ಮೊದಲ ಸಮರ್ಪಕವಾದ ಉತ್ತರವು ಹವಾಯಿ ವಿಶ್ವವಿದ್ಯಾಲಯದಿಂದ ಬಂದಿತು. ಅಲ್ಲಿ ನಾರ್ಮನ್ ಅಬ್ರಾಮ್ಸನ್ ಎಂಬ ಪ್ರಾಧ್ಯಾಪಕರು, ದ್ವೀಪಗಳಲ್ಲಿ ಚೆದುರಿದ್ದ ವಿದ್ಯಾಸಂಸ್ಥೆಗಳು ಒಂದೇ ಗಣಕಯಂತ್ರವನ್ನು ಬಳಸುವಂತಾಗಬೇಕೆಂಬ ಉದ್ದೇಶದಿಂದ ‘ಅಲೋಹಾ’ ಎಂಬ ನಿಸ್ತಂತು ಜಾಲವನ್ನು ರಚಿಸಿದರು. ಅದು ೧೯೭೧ರ ಜೂನ್ ತಿಂಗಳಲ್ಲಿ ಕಾರ್ಯಾರಂಭಮಾಡಿತು. ಅವರ ನಿಯಮವು ಬಹು ಸರಳವಾದುದು. ಹೇಳಬೇಕಾದವನು ಯಾರನ್ನೂ ಕೇಳದೆ ಹೇಳಿಬಿಡಲಿ. ತಲುಪಿತೆಂಬ ಪ್ರತ್ಯುತ್ತರವು ಬಾರದಿದ್ದರೆ, ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಲಿ. ಆ ಹೊತ್ತು ಎಷ್ಟೆಂಬುದನ್ನು ಪ್ರತಿಯೊಬ್ಬನೂ ಯದೃಚ್ಛೆಯಿಂದ ಆರಿಸಿಕೊಳ್ಳಲಿ. ಇಬ್ಬರೂ ಒಂದೇ ಕಾಲವನ್ನು ಆರಿಸಿಕೊಳ್ಳುವ ಸಂಭವವು ಕಡಮೆಯಾದ್ದರಿಂದ ಜಗಳವು ತಾನಾಗಿಯೇ ಬಿಡುವುದು. ಇದರಿಂದ ಪಟ್ಟಿಯ ಶಕ್ತಿಯಲ್ಲಿ ಹೆಚ್ಚೆಂದರೆ ಶೇಕಡ ೧೮.೪ ಭಾಗವು ಮಾತ್ರ ಸಾರ್ಥಕವಾಗುವುದೆಂದು ಗಣಿತದಿಂದ ಸಿದ್ಧವಾಗುತ್ತದೆ. ಸಂದೇಶಗಳು ನಿಯತವಾದ ಕ್ಷಣಗಳಲ್ಲಿಯೇ ಹೊರಡಬೇಕೆಂದು ಕಟ್ಟುಮಾಡಿದರೆ ಅದು ಇಮ್ಮಡಿಯಾಗುವುದು.

ಈ ಅಲ್ಪಫಲದ ಉಪಾಯದಿಂದಲೇ ಮಹತ್ತಾದ ಫಲಗಳು ಹುಟ್ಟಿದವು. ೧೯೭೩ರಲ್ಲಿ ಮೆಟ್‌ಕಾಫ್ ಅವರು ಇದರಿಂದ ಸ್ಫೂರ್ತಿಪಡೆದು ಈಥರ್‌ನೆಟ್ ಎಂಬ ತಂತಿಜಾಲವನ್ನು ಕಲ್ಪಿಸಿದರು. ಇಂದಿನ ಲ್ಯಾಪ್‌ಟಾಪಿನ ಕಾರ್ಡು ಈ ವಂಶದ ಸಂತಾನವೇ. ಆದರೆ ಅದು ಸಭ್ಯತೆಯಲ್ಲಿ ಒಂದು ಹೆಜ್ಜೆ ಮುಂದಿದೆ: ಮೊದಲು ಕಿವಿಗೊಟ್ಟು ಕೇಳುತ್ತದೆ, ಪಟ್ಟಿಯು ನಿಶ್ಶಬ್ದವಾಗಿದೆಯೆಂದು ತಿಳಿದ ಮೇಲೆಯೂ ಯದೃಚ್ಛಾಕಾಲವನ್ನು ಕಾಯುತ್ತದೆ, ಆಮೇಲೆ ಮಾತನಾಡುತ್ತದೆ.

೪. ಪಟ್ಟಿಯ ಬಿಡುಗಡೆ

ಇನ್ನು ಅಧಿಕಾರದ ವಿಷಯ. ನಿಸ್ತಂತು ಉಪಕರಣವೆಂಬುದು ಹುಟ್ಟಿದಾಗಿನಿಂದಲೂ ರಾಜಶಾಸನಕ್ಕೆ ಒಳಪಟ್ಟುದು. ಭಾರತದಲ್ಲಿ ೧೯೩೩ರ ನಿಸ್ತಂತು ತಂತಿವರ್ತಮಾನ ಕಾಯಿದೆಯು, ಪರವಾನಿಗೆಯಿಲ್ಲದೆ ನಿಸ್ತಂತು ಯಂತ್ರವನ್ನು ಇಟ್ಟುಕೊಳ್ಳುವುದೇ ಅಪರಾಧವೆಂದು ವಿಧಿಸಿತು. ೧೯೩೫ರಲ್ಲಿ ಮೈಸೂರಿನಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪ್ರಸಾರವನ್ನು ಆರಂಭಿಸಿ, ಮುಂದೆ ದೇಶದ ಪ್ರಸಾರಸಂಸ್ಥೆಗೇ ಹೆಸರಾದ ‘ಆಕಾಶವಾಣಿ’ ಎಂಬ ಶಬ್ದವನ್ನು ಬಳಕೆಗೆ ತಂದುದು ಕನ್ನಡಿಗರೆಲ್ಲರೂ ಅರಿತ ವಿಷಯ. ಆ ವಾಣಿಯನ್ನು ಕೇಳುವ ಗೃಹಸ್ಥನಾದರೋ ಬಹುಕಾಲದವರೆಗೆ ಕೇಳುವುದಕ್ಕೂ ಪರವಾನಿಗೆಯನ್ನು ಪಡೆಯಬೇಕಾಗಿದ್ದಿತು. ನಮ್ಮ ತಂದೆಯವರು ವರ್ಷಕ್ಕೊಮ್ಮೆ ಅಂಚೆಕಚೇರಿಗೆ ಹೋಗಿ ರೇಡಿಯೋ ಲೈಸೆನ್ಸಿನ ಸಣ್ಣ ಪುಸ್ತಕಕ್ಕೆ ಚೀಟಿಯನ್ನಂಟಿಸಿಕೊಂಡು ಬರುತ್ತಿದ್ದುದನ್ನು ನಾನು ಬಾಲ್ಯದಲ್ಲಿ ಕಂಡಿದ್ದೇನೆ. ಆ ಪದ್ಧತಿಯು ೧೯೮೦ರ ದಶಕದಲ್ಲಿ ನಿಂತುಹೋಯಿತು. ಕೇಳುವುದಕ್ಕೇ ಹೀಗಿದ್ದಮೇಲೆ ಹೇಳುವುದಕ್ಕೆ ಎಷ್ಟು ಕಟ್ಟಿರಬೇಕೆಂಬುದನ್ನು ವಾಚಕರೇ ಊಹಿಸಬಹುದು. ಲ್ಯಾಪ್‌ಟಾಪಿನ ಕಾರ್ಡಾದರೋ ಕೇಳುವುದು ಮಾತ್ರವಲ್ಲ, ಹೇಳುವುದೂ ಅಹುದು.

ಈ ಕಟ್ಟು ಸಡಿಲಿದುದು ಮೊದಲು ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ. ೧೯೪೭ರ ಅಟ್ಲಾಂಟಿಕ್ ಸಿಟಿಯ ಅಂತರರಾಷ್ಟ್ರೀಯ ಸಮ್ಮೇಳನವು ಕೈಗಾರಿಕೆ, ವಿಜ್ಞಾನ, ವೈದ್ಯಗಳ ಉಪಕರಣಗಳಿಗಾಗಿ ಕೆಲವು ಪಟ್ಟಿಗಳನ್ನು ಬಿಟ್ಟುಕೊಟ್ಟಿದ್ದಿತು. ಅಡಿಗೆಯ ಮೈಕ್ರೋವೇವ್ ಒಲೆಯು ಕೆಲಸಮಾಡುವ ೨.೪೫ ಗಿಗಾಹರ್ಟ್ಸ್ ಇವುಗಳಲ್ಲೊಂದು. ಇಲ್ಲಿ ಯಾವಾಗಲೂ ಗದ್ದಲವಿರುವುದರಿಂದ ಸಂದೇಶಸಾಗಣೆಗೆ ಇವು ಅಯೋಗ್ಯವೆಂದು ತಂತ್ರಜ್ಞರು ಭಾವಿಸಿ, ಉಚ್ಛಿಷ್ಟವನ್ನು ಕಂಡಂತೆ ದೂರವಿಟ್ಟಿದ್ದರು. ಅಲ್ಲಿಯ ಸಂಪರ್ಕ ಆಯೋಗದಲ್ಲಿದ್ದ ಮೈಕೆಲ್ ಮಾರ್ಕಸ್ ಎಂಬ ತಂತ್ರಜ್ಞರು ಈ ಉಚ್ಛಿಷ್ಟವನ್ನೇ ಸರ್ವರಿಗೂ ಪ್ರಸಾದವಾಗಿ ಹಂಚಬಹುದೆಂದು ವಾದಿಸಿದರು. ಸಂದೇಶವನ್ನು ಒಂದೇ ಕಂಪನದಲ್ಲಿ ಇಡದೆ ವಿಶಾಲವಾದ ಪಟ್ಟಿಯಲ್ಲಿ ತೆಳುವಾಗಿ ಹರಡಿದರೆ ಗದ್ದಲದ ನಡುವೆಯೂ ಅದು ಉಳಿಯುವುದು, ಇತರರಿಗೂ ಬಾಧಕವಾಗುವುದಿಲ್ಲ ಎಂಬುದು ಅವರ ಯುಕ್ತಿ. ೧೯೮೫ರ ಮೇ ೯ರಂದು ಆಯೋಗವು ೯೦೦ ಮೆಗಾಹರ್ಟ್ಸಿನ ಸಮೀಪದ, ೨.೪ ಮತ್ತು ೫.೮ ಗಿಗಾಹರ್ಟ್ಸಿನ ಪಟ್ಟಿಗಳನ್ನು, ಒಂದು ವಾಟಿನ ಮಿತಿಯೊಳಗೆ, ಪರವಾನಿಗೆಯಿಲ್ಲದೆ ಬಳಸಲು ಅಂಗೀಕರಿಸಿತು. ಕಟ್ಟು ಎರಡೇ: ಇತರರನ್ನು ಬಾಧಿಸಬಾರದು, ಇತರರಿಂದ ಬಂದ ಬಾಧೆಯನ್ನು ಸಹಿಸಬೇಕು.

ಭಾರತದಲ್ಲಿ ಇದೇ ಬಿಡುಗಡೆಯು ಇಪ್ಪತ್ತು ವರ್ಷಗಳ ತರುವಾಯ ಬಂದಿತು. ೨೦೦೫ರ ಜನವರಿ ೨೮ರ ಪ್ರಕಟಣೆಯು ೨.೪ರಿಂದ ೨.೪೮೩೫ ಗಿಗಾಹರ್ಟ್ಸಿನವರೆಗಿನ ಪಟ್ಟಿಯಲ್ಲಿ ಅಲ್ಪಶಕ್ತಿಯ ಉಪಕರಣಗಳಿಗೆ ಪರವಾನಿಗೆಯಿಂದ ವಿನಾಯಿತಿಯನ್ನು ಕೊಟ್ಟಿತು. ೫ ಗಿಗಾಹರ್ಟ್ಸಿನ ವಿಶಾಲವಾದ ಪಟ್ಟಿಗಳು ೨೦೧೮ರ ಅಕ್ಟೋಬರಿನಲ್ಲಿ ಬಿಡುಗಡೆಯಾದವು. ೧೯೩೩ರ ಕಾಯಿದೆಯ ಸ್ಥಾನದಲ್ಲಿ ೨೦೨೩ರ ದೂರಸಂಪರ್ಕ ಕಾಯಿದೆಯು ಬಂದಿತು. ಇಂದು ನಮ್ಮ ಹಳ್ಳಿಯ ಗೃಹಸ್ಥನು ರೌಟರನ್ನು ಗೂಡಿನಲ್ಲಿಟ್ಟು ನಿಶ್ಚಿಂತನಾಗಿರುವುದು ಈ ಪ್ರಕಟಣೆಗಳ ಬಲದಿಂದ.

೫. ಭಾಷೆಯ ಐಕ್ಯ

ಪಟ್ಟಿಯು ಬಿಡುಗಡೆಯಾದಮೇಲೆ ಪ್ರತಿಯೊಂದು ಕಾರ್ಖಾನೆಯೂ ತನ್ನದೇ ಆದ ನಿಸ್ತಂತುಭಾಷೆಯನ್ನು ಕಟ್ಟಿತು. ಒಂದರ ಕಾರ್ಡು ಮತ್ತೊಂದಕ್ಕೆ ಅರ್ಥವಾಗುತ್ತಿರಲಿಲ್ಲ. ಅಂಗಡಿಗಳ ಲೆಕ್ಕದ ಯಂತ್ರಗಳನ್ನು ಮಾಡುತ್ತಿದ್ದ ಎನ್‌ಸಿಆರ್ ಸಂಸ್ಥೆಗೆ, ಅಂಗಡಿಯ ಮೇಜುಗಳನ್ನು ಜರುಗಿಸಿದಾಗಲೆಲ್ಲ ಹೊಸದಾಗಿ ತಂತಿಯೆಳೆಯುವ ವೆಚ್ಚವನ್ನು ತಪ್ಪಿಸಬೇಕಾಗಿದ್ದಿತು. ಆ ಸಂಸ್ಥೆಯ ನೆದರ್ಲೆಂಡಿನ ಶಾಖೆಯು ‘ವೇವ್‌ಲ್ಯಾನ್’ ಎಂಬ ಕಾರ್ಡನ್ನು ರಚಿಸಿತು. ಅಲ್ಲಿಯವರಾದ ವಿಕ್ಟರ್ ಹೇಯ್ಸ್ ಅವರು, ಸರ್ವರಿಗೂ ಸಮ್ಮತವಾದ ಒಂದು ನಿಯಮವನ್ನು ರೂಪಿಸಲು ೧೯೯೦ರಲ್ಲಿ ಏರ್ಪಟ್ಟ ೮೦೨.೧೧ ಸಮಿತಿಗೆ ಅಧ್ಯಕ್ಷರಾಗಿ ಹತ್ತು ವರ್ಷಗಳು ದುಡಿದರು. ಪರಸ್ಪರ ಸ್ಪರ್ಧಿಗಳಾದ ಕಾರ್ಖಾನೆಗಳ ಪ್ರತಿನಿಧಿಗಳನ್ನು ಒಂದೇ ಸಭೆಯಲ್ಲಿ ಕುಳ್ಳಿರಿಸಿ ಸಮ್ಮತಿಯನ್ನು ಪಡೆಯುವುದು ಎಷ್ಟು ಕಷ್ಟವೆಂಬುದು, ಗ್ರಂಥಸಂಪಾದನ ಸಮಿತಿಗಳಲ್ಲಿ ಕುಳಿತವರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ೧೯೯೭ರಲ್ಲಿ ಮೊದಲ ನಿಯಮವು ಹೊರಬಿದ್ದಿತು. ವೇಗವು ಸೆಕೆಂಡಿಗೆ ಒಂದು ಅಥವಾ ಎರಡು ಮೆಗಾಬಿಟ್ ಮಾತ್ರ. ಮೇಲಾಗಿ ಒಂದೇ ನಿಯಮದೊಳಗೆ ಪರಸ್ಪರ ಹೊಂದದ ಮೂರು ಮಾರ್ಗಗಳಿಗೆ ಎಡೆಯಿದ್ದಿತು. ೧೯೯೯ರ ೮೦೨.೧೧ ಬಿ ಎಂಬ ತಿದ್ದುಪಡಿಯು ವೇಗವನ್ನು ೧೧ ಮೆಗಾಬಿಟ್ಟಿಗೆ ಏರಿಸಿತು.

ಅದೇ ವರ್ಷ ಎರಡು ಮುಖ್ಯಸಂಗತಿಗಳು ನಡೆದವು. ಜುಲೈ ತಿಂಗಳಲ್ಲಿ ಆಪಲ್ ಸಂಸ್ಥೆಯು ‘ಐಬುಕ್’ ಎಂಬ ಲ್ಯಾಪ್‌ಟಾಪನ್ನು ಪ್ರದರ್ಶಿಸಿ, ಅದಕ್ಕೆ ಹೊಂದುವ ಕಾರ್ಡನ್ನು ೯೯ ಡಾಲರುಗಳಿಗೆ ಮಾರಿತು. ಗೃಹಸ್ಥನು ನಿಸ್ತಂತು ಕಾರ್ಡನ್ನು ಮನಸ್ಸಿಗೆ ತಂದುಕೊಳ್ಳುವಂತಾದುದು ಆಗಿನಿಂದ. ಎರಡನೆಯದಾಗಿ, ಆರು ಕಾರ್ಖಾನೆಗಳು ಕೂಡಿ, ಪರಸ್ಪರ ಹೊಂದಿಕೆಯನ್ನು ಪರೀಕ್ಷಿಸಿ ಮುದ್ರೆಯನ್ನೊತ್ತುವ ಸಂಘವನ್ನು ಸ್ಥಾಪಿಸಿದವು. ‘ವೈ-ಫೈ’ ಎಂಬ ಹೆಸರು ಈ ಸಂಘದ್ದೇ.

ಈ ಸ್ಥಳದಲ್ಲಿ ಎರಡು ಜನಜನಿತವಾದ ತಪ್ಪುಗಳನ್ನು ಪರಿಹರಿಸುವುದು ಅವಶ್ಯಕ. ಮೊದಲನೆಯದು, ವೈ-ಫೈ ಎಂಬುದು ‘ವೈರ್‌ಲೆಸ್ ಫಿಡೆಲಿಟಿ’ ಎಂಬುದರ ಸಂಕ್ಷೇಪವೆಂಬುದು. ಹೆಸರಿಡುವುದನ್ನೇ ವೃತ್ತಿಯನ್ನಾಗಿ ಉಳ್ಳ ಇಂಟರ್‌ಬ್ರ್ಯಾಂಡ್ ಎಂಬ ಸಂಸ್ಥೆಯಿಂದ ಸಂಘವು ಈ ಶಬ್ದವನ್ನು ಪಡೆಯಿತು. ಬಳಿಕ ಶಬ್ದಕ್ಕೆ ಅರ್ಥವಿರಬೇಕೆಂಬ ಶಂಕೆಯಿಂದ ಆ ವಿಗ್ರಹವಾಕ್ಯವನ್ನು ಕೆಲಕಾಲ ಜೊತೆಗೆ ಸೇರಿಸಿ, ಆಮೇಲೆ ಕೈಬಿಟ್ಟಿತು. ಸಂಘದ ಸ್ಥಾಪಕರಲ್ಲೊಬ್ಬರಾದ ಫಿಲ್ ಬೆಲಾಂಜರ್ ಅವರೇ ೨೦೦೫ರಲ್ಲಿ ಇದನ್ನು ಸ್ಪಷ್ಟಪಡಿಸಿದ್ದಾರೆ. ಎಂದಮೇಲೆ ಇದು ಯೌಗಿಕವಲ್ಲ, ಕೇವಲ ರೂಢಶಬ್ದ. ಎರಡನೆಯದು, ವೈ-ಫೈಯನ್ನು ಚಲಚ್ಚಿತ್ರನಟಿಯಾದ ಹೆಡಿ ಲಮಾರ್ ಕಂಡುಹಿಡಿದರೆಂಬುದು. ಆಕೆಯೂ ಸಂಗೀತಕಾರರಾದ ಆಂಥೈಲ್ ಅವರೂ ಕೂಡಿ ೧೯೪೨ರಲ್ಲಿ, ಪಿಯಾನೋವಿನ ರಂಧ್ರಪಟ್ಟಿಯಂತಹ ಸಾಧನದಿಂದ ೮೮ ಕಂಪನಗಳ ನಡುವೆ ನೆಗೆಯುತ್ತ ಹೋಗುವ ಸಂದೇಶವಿಧಾನಕ್ಕೆ ಪೇಟೆಂಟನ್ನು ಪಡೆದುದು ನಿಜ. ಅವರ ಬುದ್ಧಿಶಕ್ತಿಯು ಪ್ರಶಂಸಾರ್ಹವೆಂಬುದರಲ್ಲಿಯೂ ಸಂದೇಹವಿಲ್ಲ. ಆದರೆ ಕಂಪನದಿಂದ ಕಂಪನಕ್ಕೆ ನೆಗೆಯುವ ಮಾರ್ಗವು ೧೯೯೭ರ ನಿಯಮದ ಮೂರು ಮಾರ್ಗಗಳಲ್ಲೊಂದಾಗಿದ್ದಿತೇ ಹೊರತು, ಮನೆಮನೆಗೆ ಹಬ್ಬಿದ ೮೦೨.೧೧ ಬಿ ಕಾರ್ಡುಗಳು ಬೇರೊಂದು ಮಾರ್ಗವನ್ನೂ, ಅನಂತರದವು ಪಟ್ಟಿಯನ್ನು ಅನೇಕ ಸಣ್ಣ ಎಳೆಗಳಾಗಿ ಸೀಳುವ ಮೂರನೆಯ ಮಾರ್ಗವನ್ನೂ ಅನುಸರಿಸಿದವು. ಗೋಡೆಗಳಿಂದ ಮರಳುವ ಪ್ರತಿಧ್ವನಿಗಳ ತೊಡಕನ್ನು ಈ ಮಾರ್ಗದಿಂದ ಪರಿಹರಿಸಿದವರಲ್ಲಿ ಆಸ್ಟ್ರೇಲಿಯಾದ ಜಾನ್ ಓಸಲಿವನ್ ಅವರ ಬಳಗಕ್ಕೆ ವಿಶಿಷ್ಟಸ್ಥಾನವಿದೆ. ಹೀಗೆ ಇದು ಏಕಕರ್ತೃಕವಾದ ಗ್ರಂಥವಲ್ಲ, ಬಹುಕರ್ತೃಕವಾದ ಸಂಹಿತೆ.

೬. ಕಾರ್ಡಿನ ಶರೀರವೂ ಚೈತನ್ಯವೂ

ಕಾರ್ಡೆಂಬ ಹೆಸರು ಅದರ ಪೂರ್ವರೂಪದಿಂದ ಬಂದುದು. ೧೯೯೦ರ ದಶಕದಲ್ಲಿ ಅದು ಬ್ಯಾಂಕಿನ ಕಾರ್ಡಿನಷ್ಟು ಅಗಲವೂ ಉದ್ದವೂ ಉಳ್ಳ ಲೋಹದ ಹಲಗೆಯಾಗಿದ್ದು, ೬೮ ರಂಧ್ರಗಳಿಂದ ಲ್ಯಾಪ್‌ಟಾಪಿನ ಪಕ್ಕದ ಸೀಳಿನೊಳಗೆ ಸೇರುತ್ತಿದ್ದಿತು. ತರಂಗಗಳು ಹೊರಡುವ ತುದಿಯು ಮಾತ್ರ ಹೊರಗೆ ಚಾಚಿಕೊಂಡಿರುತ್ತಿದ್ದಿತು. ೨೦೦೩ರ ಮಾರ್ಚಿಯಲ್ಲಿ ಇಂಟೆಲ್ ಸಂಸ್ಥೆಯು ‘ಸೆಂಟ್ರಿನೊ’ ಎಂಬ ಹೆಸರಿನಿಂದ ಕಾರ್ಡನ್ನು ಯಂತ್ರದ ಒಳಗೇ ಅಡಗಿಸಿ ಮಾರಿದಮೇಲೆ ಅದು ಕಣ್ಮರೆಯಾಯಿತು. ಈಗ ಲ್ಯಾಪ್‌ಟಾಪಿನ ಅಡಿಯ ಮುಚ್ಚಳವನ್ನು ತೆಗೆದರೆ, ೨೨ ಮಿಲಿಮೀಟರು ಅಗಲ, ೩೦ ಮಿಲಿಮೀಟರು ಉದ್ದದ ಹಸಿರು ಚೂರೊಂದು ಕಾಣುವುದು. ಅದಕ್ಕೆ ಸೇರಿದ ಕೂದಲಿನಂತಹ ಎರಡು ತಂತಿಗಳು ಪರದೆಯ ಚೌಕಟ್ಟಿನೊಳಗೆ ಹಾಯುತ್ತವೆ. ಅವೇ ಅದರ ಕಿವಿಯೂ ಬಾಯಿಯೂ. ಹೊಸ ಕಾರ್ಡನ್ನು ಕೂಡಿಸುವವರು ಯಂತ್ರವನ್ನಾರಿಸಿ, ಬ್ಯಾಟರಿಯ ಸಂಪರ್ಕವನ್ನು ಬಿಡಿಸಿ, ಆಮೇಲೆಯೇ ಅದನ್ನು ಮುಟ್ಟಬೇಕು. ಆ ತಂತಿಗಳನ್ನು ಸೇರಿಸಲು ಮರೆತರೆ ಕಾರ್ಡು ಗುರುತಿಸಲ್ಪಟ್ಟರೂ ಪಕ್ಕದ ಕೋಣೆಯ ರೌಟರೂ ಅದಕ್ಕೆ ಕೇಳಿಸದು.

ಯಂತ್ರವು ಎಚ್ಚತ್ತೊಡನೆ ಕಾರ್ಡು ತನ್ನ ಕುಲವನ್ನೂ ಹೆಸರನ್ನೂ ಎರಡು ಸಂಖ್ಯೆಗಳಿಂದ ನಿವೇದಿಸುತ್ತದೆ: ಮೊದಲನೆಯದು ಕಾರ್ಖಾನೆಯದು, ಎರಡನೆಯದು ಉಪಕರಣದ್ದು. ಇದನ್ನು ಕೇಳಿ ಯಂತ್ರವು ತಕ್ಕ ಡ್ರೈವರನ್ನು, ಎಂದರೆ ಆ ಕಾರ್ಡಿನೊಡನೆ ವ್ಯವಹರಿಸಬಲ್ಲ ತಂತ್ರಾಂಶವನ್ನು, ಕರೆಯುತ್ತದೆ. ಡ್ರೈವರು ಬಂದು, ಕಾರ್ಡಿನೊಳಗಿನ ಸಣ್ಣ ಬುದ್ಧಿಗೆ ಬೇಕಾದ ಫರ್ಮ್‌ವೇರ್ ಎಂಬ ಕಡತವನ್ನು ಅದರೊಳಗೆ ತುಂಬುತ್ತದೆ. ಅನೇಕ ಕಾರ್ಡುಗಳು ಇದನ್ನು ನೆನಪಿನಲ್ಲಿಟ್ಟುಕೊಳ್ಳುವುದಿಲ್ಲ. ಪ್ರತಿದಿನವೂ ಹೊಸದಾಗಿ ಉಪದೇಶಿಸಬೇಕು. ಆದಕಾರಣ ಮನೆಯಲ್ಲಿ ಕಾರ್ಡು ಮೂಕವಾದಾಗ ವಿಚಾರದ ಕ್ರಮವು ಇದು. ಕಾರ್ಡಿನ ಸಂಖ್ಯೆಯು ಪಟ್ಟಿಯಲ್ಲಿ ಕಾಣುವುದೋ? ಕಾಣದಿದ್ದರೆ ಶರೀರದಲ್ಲಿ ದೋಷ. ಕಂಡರೆ, ಡ್ರೈವರು ಬಂದಿದೆಯೋ? ಬಂದಿದ್ದರೆ, ಫರ್ಮ್‌ವೇರ್ ದೊರೆಯಿತೋ? ದೊರೆತಿದ್ದರೆ, ಯಂತ್ರದ ಪಕ್ಕದ ಗುಂಡಿಯೋ ಕೀಲಿಮಣೆಯ ಗುಂಡಿಯೋ ಕಾರ್ಡಿನ ಬಾಯನ್ನು ಕಟ್ಟಿದೆಯೋ? ಈ ಕೊನೆಯ ಪ್ರಶ್ನೆಯನ್ನು ಮೊದಲೇ ಕೇಳಿಕೊಳ್ಳದೆ ರಾತ್ರಿಯೆಲ್ಲ ಶ್ರಮಪಟ್ಟವರು ಬಹುಮಂದಿ.

ಡ್ರೈವರಿನ ರಚನೆಗೆ ಬೇಕಾದ ರಹಸ್ಯಗಳನ್ನು ಅನೇಕ ಕಾರ್ಖಾನೆಗಳು ಬಹುಕಾಲ ಪ್ರಕಟಿಸಲಿಲ್ಲ. ಅವರ ಪಕ್ಷವನ್ನೂ ಹೇಳಬೇಕು. ತಂತ್ರಾಂಶದಿಂದ ಕಂಪನವನ್ನೂ ಶಕ್ತಿಯನ್ನೂ ಬದಲಾಯಿಸಬಹುದಾದ್ದರಿಂದ, ರಹಸ್ಯವು ಬಯಲಾದರೆ ಯಾರಾದರೂ ಮಿತಿಯನ್ನು ಮೀರಿ ಇತರರಿಗೆ ಬಾಧೆಯನ್ನುಂಟುಮಾಡಿಯಾರು, ಆಗ ಶಾಸನಕ್ಕೆ ಉತ್ತರಕೊಡಬೇಕಾದವರು ತಾವೆಂದು ಅವರು ಹೇಳುತ್ತಿದ್ದರು. ಇದು ಸಂಪೂರ್ಣವಾಗಿ ನಿರಾಧಾರವಲ್ಲ. ಆದರೆ ಪರಿಣಾಮವೇನೆಂದರೆ, ಕಾರ್ಖಾನೆಯು ಯಾವ ತಂತ್ರಾಂಶವನ್ನು ಆದರಿಸಲಿಲ್ಲವೋ ಅದನ್ನು ಬಳಸುವವರಿಗೆ ಕಾರ್ಡು ನಿರುಪಯೋಗವಾಯಿತು.

ಇದಕ್ಕೆ ಲೀನಕ್ಸಿನವರು ಎರಡು ಉಪಾಯಗಳನ್ನು ಕಂಡರು. ಮೊದಲನೆಯದು ಎನ್‌ಡಿಐಎಸ್‌ರ್‍ಯಾಪರ್ ಎಂಬುದು: ವಿಂಡೋಸಿಗಾಗಿ ರಚಿತವಾದ ಡ್ರೈವರನ್ನೇ ಲೀನಕ್ಸಿನ ಶರೀರದಲ್ಲಿ ಕುಳ್ಳಿರಿಸಿ ನಡೆಯಿಸುವುದು. ಇದು ಪರಕಾಯಪ್ರವೇಶದಂತಹುದು, ನಡೆಯುತ್ತಿದ್ದಿತು, ಆದರೆ ಒಳಗೆ ಏನು ನಡೆಯುತ್ತಿದೆಯೆಂದು ತಿಳಿಯುತ್ತಿರಲಿಲ್ಲ. ಎರಡನೆಯದು ಹೆಚ್ಚು ಶ್ರಮದ್ದು. ಬ್ರಾಡ್‌ಕಾಮ್ ಸಂಸ್ಥೆಯ ಕಾರ್ಡುಗಳ ವಿಷಯದಲ್ಲಿ ಒಂದು ಗುಂಪಿನವರು ಕಾರ್ಖಾನೆಯ ತಂತ್ರಾಂಶವನ್ನು ಪರಿಶೀಲಿಸಿ, ಕಾರ್ಡು ನಡೆಯುವ ರೀತಿಯನ್ನು ಮಾತ್ರ ವಿವರಿಸಿ ಬರೆದರು. ಮೂಲವನ್ನೇ ನೋಡದ ಮತ್ತೊಂದು ಗುಂಪಿನವರು ಆ ವಿವರಣೆಯೊಂದನ್ನೇ ಆಧಾರಮಾಡಿಕೊಂಡು ಹೊಸ ಡ್ರೈವರನ್ನು ರಚಿಸಿದರು. ಮೂಲಗ್ರಂಥವು ದೊರೆಯದಿದ್ದಾಗ ವ್ಯಾಖ್ಯಾನದ ಪ್ರತೀಕಗಳಿಂದ ಅದನ್ನು ಪುನಾರಚಿಸುವ ನಮ್ಮ ಕೆಲಸಕ್ಕೆ ಇದು ಸಮಾನವಾದುದು. ಈ ಡ್ರೈವರು ೨೦೦೬ರಲ್ಲಿ ಲೀನಕ್ಸಿನ ಒಳಗೆ ಸೇರಿತು. ಕಾಲಕ್ರಮದಲ್ಲಿ ಕಾರ್ಖಾನೆಗಳ ಮನಸ್ಸೂ ಕರಗಿತು: ಅಥೆರಾಸ್ ಸಂಸ್ಥೆಯು ೨೦೦೮ರಲ್ಲಿ, ಬ್ರಾಡ್‌ಕಾಮ್ ಸಂಸ್ಥೆಯು ೨೦೧೦ರಲ್ಲಿ, ತಮ್ಮ ಹೊಸ ಕಾರ್ಡುಗಳಿಗೆ ಮುಕ್ತವಾದ ಡ್ರೈವರುಗಳನ್ನು ತಾವೇ ಪ್ರಕಟಿಸಿದವು. ಶಕ್ತಿಯ ಮಿತಿಯ ಪ್ರಶ್ನೆಗೂ, ಆಯಾ ದೇಶದ ಶಾಸನಗಳ ಪಟ್ಟಿಯನ್ನು ಲೀನಕ್ಸಿನಲ್ಲಿ ಬಹಿರಂಗವಾಗಿ ಸೇರಿಸಿ ಪಾಲಿಸುವ ವ್ಯವಸ್ಥೆಯಿಂದ ಉತ್ತರವು ದೊರೆಯಿತು. ಮುಕ್ತತೆಯು ಅನರ್ಥಕ್ಕೆ ಕಾರಣವೆಂಬ ಪೂರ್ವಪಕ್ಷವು ಇದರಿಂದ ಬಹುಮಟ್ಟಿಗೆ ಪರಿಹೃತವಾಯಿತು.

ಆದರೆ ಡ್ರೈವರು ಬಿಡುಗಡೆಯಾದರೂ ಫರ್ಮ್‌ವೇರ್ ಹೆಚ್ಚಾಗಿ ಮುದ್ರಿತವಾಗಿಯೇ ಉಳಿಯಿತು. ಮುಕ್ತತೆಯಲ್ಲಿ ನಿಷ್ಠೆಯುಳ್ಳ ಡೆಬಿಯನ್ ಸಂಘದವರು ೨೦೧೧ರಿಂದ ಅದನ್ನು ತಮ್ಮ ಮುಖ್ಯಸಂಗ್ರಹದ ಹೊರಗಿಟ್ಟರು. ನಿಷ್ಠೆಯು ಶ್ಲಾಘ್ಯವೇ, ಆದರೆ ನನ್ನಂತಹ ಗೃಹಸ್ಥನು ಅನ್ಯೋನ್ಯಾಶ್ರಯದಲ್ಲಿ ಸಿಕ್ಕಿಕೊಂಡುದು ಆ ಕಾರಣದಿಂದ. ೨೦೨೨ರಲ್ಲಿ ಅವರು ಮತಗಣನೆಯಿಂದ ಈ ನಿಯಮವನ್ನು ಸಡಿಲಿಸಿ, ೨೦೨೩ರ ಜೂನಿನಲ್ಲಿ ಹೊರಬಂದ ಹನ್ನೆರಡನೆಯ ಆವೃತ್ತಿಯಿಂದ ಅಂತಹ ಕಡತಗಳನ್ನು ಸ್ಥಾಪನೆಯ ಸಂಗ್ರಹದಲ್ಲಿಯೇ ಕೊಡಲಾರಂಭಿಸಿದರು. ಇದು ಆಪದ್ಧರ್ಮವೆಂದು ನನ್ನ ಭಾವನೆ: ಮುಖ್ಯಧರ್ಮವನ್ನು ಬಿಡದೆ, ಕಷ್ಟದಲ್ಲಿರುವವನಿಗೆ ದಾರಿಮಾಡಿಕೊಡತಕ್ಕದ್ದು.

೭. ಕೀಲಿಯ ವಿಷಯ

ಆಕಾಶದಲ್ಲಿ ಹೇಳಿದುದನ್ನು ನೆರೆಮನೆಯವರೂ ಕೇಳಬಹುದಾದ್ದರಿಂದ ಗೋಪನವು ಅವಶ್ಯಕ. ಮೊದಲ ನಿಯಮದೊಡನೆ ಬಂದ ಡಬ್ಲ್ಯೂಇಪಿ ಎಂಬ ವಿಧಾನವು ತಂತಿಯಷ್ಟು ಗೋಪ್ಯತೆಯನ್ನು ಕೊಡುವುದೆಂದು ಹೆಸರಿನಲ್ಲಿಯೇ ಪ್ರತಿಜ್ಞೆಮಾಡಿದ್ದಿತು. ೨೦೦೧ರಲ್ಲಿ ಫ್ಲೂರರ್, ಮಾಂಟಿನ್, ಶಮೀರ್ ಎಂಬ ಮೂವರು ವಿದ್ವಾಂಸರು ಅದರ ಮೂಲದಲ್ಲಿಯೇ ದೋಷವನ್ನು ತೋರಿಸಿದರು. ೨೦೦೭ರ ಹೊತ್ತಿಗೆ ಒಂದು ನಿಮಿಷದೊಳಗೆ ಆ ಕೀಲಿಯನ್ನು ತೆರೆಯುವುದು ಸಾಧ್ಯವಾಯಿತು. ೨೦೦೩ರಲ್ಲಿ ತಾತ್ಕಾಲಿಕವಾಗಿ ಡಬ್ಲ್ಯೂಪಿಎ, ೨೦೦೪ರಲ್ಲಿ ದೃಢವಾದ ಅದರ ಎರಡನೆಯ ರೂಪ, ೨೦೧೮ರಲ್ಲಿ ಮೂರನೆಯ ರೂಪ ಬಂದವು. ಹಳೆಯ ಕಾರ್ಡನ್ನು ಬಳಸುವವರು ಅದು ಕಡೆಯಪಕ್ಷ ಎರಡನೆಯ ರೂಪವನ್ನು ಬಲ್ಲುದೋ ಎಂದು ನೋಡಿಕೊಳ್ಳಬೇಕು. ಬಲ್ಲುದಾದರೂ ಪಾಸ್‌ವರ್ಡು ಸುಲಭವಾಗಿ ಊಹಿಸತಕ್ಕದ್ದಾದರೆ ಕೀಲಿಯ ಬಲವೆಲ್ಲವೂ ವ್ಯರ್ಥ. ಎಂಟರಿಂದ ಅರವತ್ತಮೂರು ಅಕ್ಷರಗಳವರೆಗೆ ಅವಕಾಶವಿರುವಾಗ ಮನೆಯ ಹೆಸರನ್ನೇ ಇಟ್ಟು ತೃಪ್ತರಾಗುವುದು ವಿವೇಕವಲ್ಲ.

೮. ಉಪಸಂಹಾರ

ಮೇಲೆ ಹೇಳಿದುದರಿಂದ ಸಿದ್ಧಿಸುವುದಿಷ್ಟು. ಗೃಹಸ್ಥನ ಲ್ಯಾಪ್‌ಟಾಪಿನಲ್ಲಿ ನಿಸ್ತಂತು ಕಾರ್ಡು ನಡೆಯುವುದಕ್ಕೆ ಮೂರು ಬಿಡುಗಡೆಗಳು ಬೇಕಾದವು. ೧೯೮೫ರಲ್ಲಿ ಪಟ್ಟಿಯ ಬಿಡುಗಡೆಯಾಯಿತು. ೧೯೯೭–೯೯ರಲ್ಲಿ ಭಾಷೆಯ ಬಿಡುಗಡೆಯಾಯಿತು. ಕಾರ್ಡಿನ ಅಂತರಂಗದ ಬಿಡುಗಡೆಯು ೨೦೦೬ರಿಂದೀಚೆಗೆ ಆರಂಭವಾಗಿ, ಡ್ರೈವರಿನವರೆಗೆ ಬಂದು, ಫರ್ಮ್‌ವೇರಿನ ಬಾಗಿಲಲ್ಲಿ ನಿಂತಿದೆ. ಮೊದಲೆರಡು ಬಿಡುಗಡೆಗಳಿಂದ ಯಾರಿಗೂ ನಷ್ಟವಾಗಲಿಲ್ಲ. ಉಚ್ಛಿಷ್ಟವೆನಿಸಿದ ಪಟ್ಟಿಯೇ ಲೋಕಕ್ಕೆಲ್ಲ ಅನ್ನಸತ್ರವಾಯಿತು. ಮೂರನೆಯದರಿಂದಲೂ ಹಾಗೆಯೇ ಆದೀತೆಂದು ನಂಬುವುದಕ್ಕೆ ಈ ಚರಿತ್ರೆಯೇ ಪ್ರಮಾಣ.

ಹಸ್ತಪ್ರತಿಗಳನ್ನು ಹುಡುಕುತ್ತ ಊರೂರು ಅಲೆದಿರುವ ನನಗೆ ಒಂದು ಅನುಭವವುಂಟು. ಕೆಲವು ಮನೆಗಳವರು ತಮ್ಮ ಪೂರ್ವಿಕರ ಕಟ್ಟುಗಳನ್ನು ಯಾರಿಗೂ ತೋರಿಸದೆ ಅಟ್ಟದ ಮೇಲೆ ಭದ್ರಪಡಿಸಿದರು. ಕೊನೆಗೆ ಮೊಮ್ಮಕ್ಕಳು ಕಟ್ಟನ್ನು ಬಿಚ್ಚಿದಾಗ ಗೆದ್ದಲು ಗರಿಗಳನ್ನು ಮುಗಿಸಿತ್ತು. ಇನ್ನು ಕೆಲವು ಕಡೆ ಗರಿಗಳು ಚೆನ್ನಾಗಿಯೇ ಇದ್ದವು, ಆದರೆ ಲಿಪಿಯನ್ನು ಬಲ್ಲವರು ಮನೆಯಲ್ಲಿ ಉಳಿದಿರಲಿಲ್ಲ. ಕಾರ್ಖಾನೆಯು ಪೋಷಣೆಯನ್ನು ನಿಲ್ಲಿಸಿದ ಕಾರ್ಡು ಈ ಎರಡನೆಯ ಬಗೆಯದು. ಲೋಹವು ಕೆಟ್ಟಿರುವುದಿಲ್ಲ, ತಂತಿಯು ತುಂಡಾಗಿರುವುದಿಲ್ಲ. ಅದರ ಲಿಪಿಯನ್ನು ಬಲ್ಲವರು ಹೇಳಿಕೊಡದೆ ಹೊರಟುಹೋಗಿರುತ್ತಾರೆ. ಅಂತಹ ಕಾರ್ಡುಗಳು ಕಸದ ರಾಶಿಯನ್ನು ಸೇರುತ್ತವೆ, ಬಡವಿದ್ಯಾರ್ಥಿಯು ಹೊಸ ಯಂತ್ರಕ್ಕಾಗಿ ಸಾಲಮಾಡುತ್ತಾನೆ. ಯಾವ ವಿದ್ಯೆಯನ್ನಾದರೂ ಕಾಪಾಡಬೇಕಾದರೆ ಅದನ್ನು ಬಚ್ಚಿಡುವುದಲ್ಲ, ಪ್ರತಿಮಾಡಿ ಹಂಚುವುದೇ ಮಾರ್ಗವೆಂಬುದನ್ನು ನಮ್ಮ ಲಿಪಿಕಾರರು ಅರಿತಿದ್ದರು. ನನ್ನ ಹಳೆಯ ಲ್ಯಾಪ್‌ಟಾಪು ಈಗಲೂ ಮೇಜಿನ ಮೇಲಿದೆ. ಈ ಲೇಖನವು ಅದರಲ್ಲಿಯೇ ಬರೆಯಲ್ಪಟ್ಟು, ಆ ಕಾರ್ಡಿನ ಮೂಲಕವೇ ಪತ್ರಿಕೆಯ ಸಂಪಾದಕರನ್ನು ಸೇರುತ್ತಿದೆ.